ಮೂರನೇ ಚೌಕದ ಬೆನ್ನು

ಕಳೆದ ತಿಂಗಳು ಸಂಶೋಧನೆ ಮಾಡುವ ಒಬ್ಬ ಹುಡುಗಿ ಯಾದಗಿರಿಯ ನಮ್ಮ ಮನೆಗೆ ಬಂದಿದ್ದಳು. ಕಾಲೇಜು ಕ್ಲಬ್ಬುಗಳಲ್ಲಿ ಆಡುವವರ ಮನಸ್ಸಿನ ನೆಮ್ಮದಿಯ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳಂತೆ. ನಿವೃತ್ತ ತರಬೇತುದಾರರಿಗೆಂದೇ ಬೇರೆ ಪ್ರಶ್ನಾವಳಿ ತಂದಿದ್ದಳು. 'ನಿಮ್ಮ ತಂಡದ ವಾತಾವರಣ ಹೇಗಿತ್ತು?' ಎಂದು ಒಂದು ಪ್ರಶ್ನೆ. ಬಹಳ ಚೆನ್ನಾಗಿತ್ತು, ಚೆನ್ನಾಗಿತ್ತು, ಸಾಧಾರಣ, ಕೆಟ್ಟದಾಗಿತ್ತು: ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ನಾನು ರೂಢಿಯ ಮೇಲೆ 'ಬಹಳ ಚೆನ್ನಾಗಿತ್ತು' ಎಂಬುದಕ್ಕೆ ಗುರುತು ಹಾಕಿದೆ. ಆಮೇಲೆ ಹೊಡೆದು ಹಾಕಿದೆ. 'ಕೆಟ್ಟದಾಗಿತ್ತು' ಎನ್ನುವುದರ ಮೇಲೆ ಪೆನ್ನಿಟ್ಟು ಕೂತುಬಿಟ್ಟೆ.

"ಅಜ್ಜಾರ, ಇಷ್ಟ್ಯಾಕ ವಿಚಾರ ಮಾಡಾಕತ್ತೀರಿ? ಒಂದು ಟಿಕ್ ಹಾಕ್ರಿ ಸಾಕು" ಎಂದಳು ಆಕೆ, ಬಸ್ಸಿಗೆ ಹೊತ್ತಾಗುತ್ತದೆಂದು ಗಡಿಯಾರ ನೋಡುತ್ತಾ.

ಹಾಳೆ ಬಿಟ್ಟು ಹೋಗು, ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತರೆ ಆ ಚೌಕದೊಳಗೆ ಹಿಡಿಸುವ ಮಾತಲ್ಲ ಅದು. ಆದ್ದರಿಂದ ಇದು ಅವಳಿಗೂ, ಹೊಸದಾಗಿ ಈ ಕೆಲಸಕ್ಕೆ ಬರುವ ಅವಳಂಥವರಿಗೂ ಕೊಡುವ ಉತ್ತರ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಷ್ಟು ಕಪ್ಪು ಗೆದ್ದೆವು ಎಂಬುದನ್ನು ಬಿಟ್ಟಿದ್ದೇನೆ. ಕಪ್ಪುಗಳಿಗೆ ತುಕ್ಕು ಹಿಡಿದು ಎಷ್ಟೋ ವರ್ಷವಾಯಿತು.

ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಕೆಲವೇ ವರ್ಷಗಳಾಗಿದ್ದವು. ನಾನು ತುಮಕೂರು ಕಡೆಯವನು. ಆಗಷ್ಟೇ ಕಣ್ಣು ಬಿಟ್ಟಿದ್ದ ಇಲ್ಲಿನ ಒಂದು ಕಾಲೇಜಿಗೆ ದೈಹಿಕ ಶಿಕ್ಷಕನಾಗಿ ಬಂದೆ. ರೈಲಿನಿಂದ ಇಳಿದಾಗ ನನ್ನ ಹತ್ತಿರ ಒಂದು ಟ್ರಂಕು, ಒಂದು ಸೀಟಿ, ಮತ್ತು ಮೂಗಿನ ತುದಿಯಲ್ಲಿ ಕೋಪ ಇದ್ದವು. ಕಾಲೇಜೆಂದರೆ ತಗಡಿನ ಮಾಡಿನ ಐದು ಕೋಣೆ. ಮೈದಾನವೆಂದರೆ ಕೋಟೆ ಗುಡ್ಡದ ಕೆಳಗೆ ಕೆಂಪು ಮೊರಂ ಹರಡಿದ ಬಯಲು, ಒಂದು ಬದಿಗೆ ಬೇವಿನಮರ, ಇನ್ನೊಂದು ಬದಿಗೆ ಕಲ್ಲಿನ ಕಟ್ಟೆ. ಸಂತೆಗೆ ಬಂದ ಹಳ್ಳಿಯ ಜನ ಆ ಕಟ್ಟೆಯ ಮೇಲೆ ಕೂತು ಆಟ ನೋಡುತ್ತಿದ್ದರು.

ಮೊದಲ ದಿನ "ಎಲ್ಲರೂ ಸಾಲಾಗಿ ನಿಂತ್ಕೊಳ್ರಪ್ಪಾ" ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಶಹಾಪುರದಿಂದ ಓದಲು ಬಂದಿದ್ದ ಖಾಜಾ ಎಂಬ ಹುಡುಗ ಮುಂದೆ ಬಂದು, "ಸರ್, ನೀವು ಆಡೂದು ಕನ್ನಡಾನ ಖರೆ, ಆದ್ರ ಭಾಳ ಸಕ್ರಿ ಹಾಕೀರಿ" ಎಂದ. ಅಂದಿನಿಂದ ನಾನು 'ಮೈಸೂರು ಸರ್' ಆದೆ. ಅವರ ಮಾತು ನನಗೆ ಜಗಳದಂತೆ ಕೇಳುತ್ತಿತ್ತು. ನೀರು ಕೊಡುವಾಗಲೂ "ತಗೋರಿ, ಕುಡೀರಿ" ಎಂದು ಬಾಣ ಬಿಟ್ಟ ಹಾಗೆ ಹೇಳುತ್ತಿದ್ದರು. ಆ ಬಿರುಸಿನೊಳಗಿನ ಅಕ್ಕರೆ ಕಿವಿಗೆ ಹತ್ತಲು ಒಂದು ವರ್ಷ ಬೇಕಾಯಿತು.

ನಮ್ಮ ಪ್ರಿನ್ಸಿಪಾಲರು ಹೈದರಾಬಾದಿನಲ್ಲಿ ಓದಿ ಬಂದವರು, ಒಳ್ಳೆಯವರು, ಆದರೆ ಹೆದರಿಕೆಯ ಮೇಲೆ ಅವರಿಗೆ ಅಪಾರ ನಂಬಿಕೆ. "ಮಾಸ್ಟರ್ ಸಾಬ್, ಹುಡುಗರು ಹೆದರಬೇಕು. ಹೆದರಿಕಿ ಇದ್ರ ಸಬ್ ಠೀಕ್" ಎಂದು ಮೊದಲ ವಾರವೇ ನನಗೆ ಹೇಳಿದರು. ನನಗೆ ಅದನ್ನು ಹೇಳಿಕೊಡಬೇಕಾಗಿಯೇ ಇರಲಿಲ್ಲ. ನನಗೆ ಕಲಿಸಿದವರೂ ಹಾಗೆಯೇ ಕಲಿಸಿದ್ದರು. ನನ್ನದೊಂದು ಪದ್ಧತಿ ಇತ್ತು. ಆಟದಲ್ಲಿ ಯಾರು ತಪ್ಪು ಮಾಡುತ್ತಾನೋ ಅವನು ಸಂಜೆ ಎಲ್ಲರ ಎದುರು ಅದೇ ಕೆಲಸವನ್ನು ನೂರು ಸಲ ಸರಿಯಾಗಿ ಮಾಡಬೇಕು. ಉಳಿದವರು ಸುತ್ತಲೂ ನಿಂತು ಎಣಿಸಬೇಕು. ಇದರಿಂದ ತಂಡ ಗಟ್ಟಿಯಾಗುತ್ತದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಚೆಂಡು, ಬಲೆ ಯಾವುದೂ ಬೇಡದ ಆಟವೆಂದು ಖೋಖೋ ಕ್ಲಬ್ ಕಟ್ಟಿದೆ. ಎರಡು ಕಂಬ ನೆಟ್ಟರೆ ಆಯಿತು. ಆಡದವರಿಗಾಗಿ ಎರಡು ಮಾತು ಹೇಳುತ್ತೇನೆ, ಮುಂದಿನದಕ್ಕೆ ಬೇಕಾಗುತ್ತದೆ. ಎರಡು ಕಂಬಗಳ ನಡುವೆ ಎಂಟು ಜನ ಸಾಲಾಗಿ ತಮ್ಮ ತಮ್ಮ ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಒಬ್ಬ ಆ ಕಡೆ ಮುಖ ಮಾಡಿದರೆ ಪಕ್ಕದವನು ಈ ಕಡೆ. ಒಂಬತ್ತನೆಯವನು ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಓಡುವವನು ಸಾಲಿನ ನಡುವೆ ನುಸುಳಿ ಆಚೆ ದಾಟಬಹುದು, ಅಟ್ಟುವವನು ದಾಟುವಂತಿಲ್ಲ. ಅವನು ಆಚೆ ಮುಖ ಮಾಡಿ ಕೂತ ಗೆಳೆಯನ ಬೆನ್ನನ್ನು ಹಿಂದಿನಿಂದ ಕೈಯಿಂದ ಮುಟ್ಟಿ 'ಖೋ' ಎನ್ನಬೇಕು. ಆಗ ಅವನು ಎದ್ದು ಓಡುತ್ತಾನೆ, ಇವನು ಅವನ ಜಾಗದಲ್ಲಿ ಕೂರುತ್ತಾನೆ. ಕೈಯೂ ಬೀಳಬೇಕು, ಮಾತೂ ಬರಬೇಕು. ಮುಟ್ಟದೆ ಬರೀ ಕೂಗಿದರೆ ಫೌಲು. ಖೋ ಇಲ್ಲದೆ ಎದ್ದರೂ ಫೌಲು.

ಹನ್ನೆರಡು ಹುಡುಗರ ಆ ತಂಡದಲ್ಲಿ ಮರೆಪ್ಪನಂಥ ಓಟಗಾರ ಇನ್ನೊಬ್ಬನಿರಲಿಲ್ಲ. ಕಡ್ಡಿಯಂಥ ಮೈ, ಕಂಬದ ಹತ್ತಿರ ನೆಲಕ್ಕೆ ಹಾರಿ ಎದುರಾಳಿಯ ಹಿಮ್ಮಡಿ ಮುಟ್ಟುತ್ತಿದ್ದ. ಓಡುವ ಮುಂಚೆ ಅಂಗೈಗೆ ಮೊರಂ ಮಣ್ಣು ಒರೆಸಿಕೊಳ್ಳುವುದು ಅವನ ಅಭ್ಯಾಸ. ಮಾತು ಕಡಿಮೆ. ಮಡಕೆಯ ನೀರನ್ನು ಎಲ್ಲರೂ ಕುಡಿದ ಮೇಲೆ, ಬೇರೆಯವರು ಹುಯ್ದರೆ, ಬೊಗಸೆಯಲ್ಲಿ ಕುಡಿಯುತ್ತಿದ್ದ. ಒಮ್ಮೆ ನಾನು ಉಳಿದವರಿಗೆ, "ಇವನನ್ನ ನೋಡಿ ಕಲೀರಿ. ತಾಳ್ಮೆ ಅಂದ್ರೆ ಇದು" ಎಂದು ಹೇಳಿದ್ದೆ. ನನಗೆ ಇವತ್ತಿಗೂ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಮೂರನೇ ಚೌಕದಲ್ಲಿ ಕೂರುತ್ತಿದ್ದವನು ಸಿದ್ರಾಮ. ಗೌಡರ ಮನೆಯ ಹುಡುಗ, ದಷ್ಟಪುಷ್ಟ, ಯಾರ ತಂಟೆಗೂ ಹೋಗದವನು. ಮರೆಪ್ಪ ಮತ್ತು ಅವನು ಒಂದೇ ಹಳ್ಳಿಯವರು. ಊರ ಹೆಸರು ಬೇಡ, ಅದೇನೂ ಉಳಿದ ಊರುಗಳಿಗಿಂತ ಬೇರೆಯಾಗಿರಲಿಲ್ಲ. ಉಳಿದವರೆಲ್ಲ 'ಲೇ ಸಿದ್ರಾಮ' ಎಂದರೆ ಮರೆಪ್ಪ ಮಾತ್ರ 'ಸಣ್ಣ ಗೌಡ್ರ' ಎನ್ನುತ್ತಿದ್ದ. ಅದು ಗೆಳೆಯರ ಕೀಟಲೆ ಎಂದುಕೊಂಡಿದ್ದೆ.

ತಂಡ ಕಟ್ಟಿದ ಎರಡನೇ ತಿಂಗಳಲ್ಲಿ ನನಗೊಂದು ತಲೆನೋವು ಶುರುವಾಯಿತು. ಮರೆಪ್ಪನ ಖೋ ಮೂರನೇ ಚೌಕದಲ್ಲಿ ಮಾತ್ರ ಫೌಲಾಗುತ್ತಿತ್ತು. ಬೇರೆಯವರ ಬೆನ್ನಿಗೆ ಟಪ್ಪೆಂದು ಬೀಳುತ್ತಿದ್ದ ಕೈ ಅಲ್ಲಿ ಗಾಳಿಯಲ್ಲೇ ನಿಲ್ಲುತ್ತಿತ್ತು. ಒಮ್ಮೆಯಂತೂ ಒಂದು ಮೊಳ ದೂರದಲ್ಲಿ ನಿಂತು "ಖೋ ರೀ" ಎಂದ. ಇಡೀ ಮೈದಾನ ನಕ್ಕಿತು. ನಾನೂ ನಕ್ಕೆ. ಖೋಗೆ 'ರಿ' ಹಚ್ಚಿದ ಆಟಗಾರನನ್ನು ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ನಾನು ಇದನ್ನು ಆಟದ ಲೆಕ್ಕದಲ್ಲೇ ಬಿಡಿಸಲು ಹೊರಟೆ. ಮೂರನೇ ಚೌಕದ ನೆಲ ತಗ್ಗಿರಬೇಕೆಂದು ಮಣ್ಣು ಹಾಕಿಸಿದೆ. ಸಿದ್ರಾಮ ಹೆಚ್ಚು ಬಾಗಿ ಕೂರುತ್ತಾನೆಂದು ಅವನ ಕೂರುವ ಭಂಗಿ ತಿದ್ದಿದೆ. ಆಮೇಲೆ ಅವನನ್ನು ಐದನೇ ಚೌಕಕ್ಕೆ ಕಳಿಸಿದೆ. ಫೌಲೂ ಅವನ ಜೊತೆಗೇ ಐದಕ್ಕೆ ಹೋಯಿತು. ಇಷ್ಟಾದರೂ ನನ್ನ ತಲೆಗೆ ಹೊಳೆಯಲಿಲ್ಲ. ನಮ್ಮ ಕಡೆ ಅಂಥದು ಇರಲಿಲ್ಲವೆಂದಲ್ಲ. ನಾನು ಬೆಳೆದ ಬೀದಿಯಲ್ಲಿ ನಿಂತರೆ ಅದು ಕಾಣುತ್ತಿರಲಿಲ್ಲ, ನಾನೂ ಬಗ್ಗಿ ನೋಡಿರಲಿಲ್ಲ.

ಒಂದು ಸಂಜೆ ನನ್ನ ಸಹನೆ ಮುಗಿಯಿತು. ಸಿದ್ರಾಮನನ್ನು ಮತ್ತೆ ಮೂರನೇ ಚೌಕದಲ್ಲಿ ಕೂರಿಸಿ, ಉಳಿದವರನ್ನು ಸುತ್ತ ನಿಲ್ಲಿಸಿ, ಮರೆಪ್ಪನಿಗೆ "ನೂರು ಸಲ. ಬೆನ್ನಿಗೆ ಸದ್ದು ಬರೋ ಹಾಗೆ. ಶುರು ಮಾಡು" ಎಂದೆ.

ಅವನು ನಿಂತೇ ಇದ್ದ. ಕೈ ಮೇಲೆತ್ತಿದ. ಇಳಿಸಿದ. ಮತ್ತೆ ಎತ್ತಿದ.

"ಕೈಗೇನು ಲಕ್ವ ಹೊಡೆದಿದೆಯೇನೋ? ಹೊಡಿ!" ಎಂದು ಕೂಗಿದೆ.

ಸಿದ್ರಾಮ ಹಿಂತಿರುಗಿ ನೋಡಲಿಲ್ಲ. ಅವನ ಕತ್ತು ಕೆಂಪಾಗಿತ್ತು. ಎಣಿಸಬೇಕಾದ ಹುಡುಗರು ನೆಲ ನೋಡುತ್ತಿದ್ದರು. ಮರೆಪ್ಪ ಒಂದೂ ಹೊಡೆಯಲಿಲ್ಲ. ಬೇವಿನ ಕೊಂಬೆಗೆ ಹಾಕಿದ್ದ ಅಂಗಿ ತೆಗೆದುಕೊಂಡು ಮೈದಾನದಾಚೆ ನಡೆದುಹೋದ. ನಾನು ಅವನ ಬೆನ್ನಿಗೆ, ನಾಳೆ ಪ್ರಿನ್ಸಿಪಾಲರ ಮುಂದೆ ನಿಲ್ಲಿಸುತ್ತೇನೆ ಎಂದು ಚೀರಿದೆ. ಅಷ್ಟಕ್ಕೇ ಬಿಡದೆ, ಏನೂ ಮಾಡದೆ ಕೂತಿದ್ದ ಸಿದ್ರಾಮನಿಗೂ ನಾಲ್ಕು ಮಾತು ಬೈದೆ.

ಮರೆಪ್ಪ ಒಂದು ವಾರ ಬರಲಿಲ್ಲ. ತರಗತಿಗೂ ಹೋಗುತ್ತಿಲ್ಲವೆಂದು ತಿಳಿಯಿತು. ಆಗ ಸ್ವಲ್ಪ ಹೆದರಿ ಖಾಜಾನನ್ನು ಕರೆದು ಕೇಳಿದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

"ಸರ್, ನೀವು ಖರೇನ ಕೇಳಾಕತ್ತೀರೇನ್ರಿ, ಇಲ್ಲಾ ಪರೀಕ್ಷಾ ಮಾಡಾಕತ್ತೀರಿ?"

"ನಿಜವಾಗ್ಲೂ ಗೊತ್ತಿಲ್ಲ ಕಣೋ."

"ಸಿದ್ರಾಮ ಗೌಡರ ಮಗ. ಮರೆಪ್ಪನ ಅಪ್ಪ ಅದ ಗೌಡರ ಮನ್ಯಾಗ ಆಳು. ಅವರ ಕೇರಿ ಊರ ಹೊರಗ ಐತಿ. ಗೌಡರ ಕಟ್ಟಿ ಮುಂದ ಕಾಲಾಗ ಚಪ್ಲಿ ಹಾಕ್ಕೊಂಡು ಹೋಗಂಗಿಲ್ಲ ಅವ್ರು. ನೀವು ಅವರ ಮಗನ ಬೆನ್ನಿಗೆ ನೂರ ಸಲ ಹೊಡಿ ಅಂದ್ರಿ."

"ನಿಮಗೆಲ್ಲ ಇದು ಗೊತ್ತಿತ್ತಾ?"

"ಎಲ್ಲಾರಿಗೂ ಗೊತ್ತಿತ್ರಿ. ನಿಮಗೊಬ್ರಿಗೆ ಗೊತ್ತಿದ್ದಿಲ್ಲ."

"ಮತ್ತೆ ನನಗೆ ಹೇಳಬಾರದಿತ್ತೇನೋ?"

"ಯಾರ ಹೇಳಬೇಕ್ರಿ ಸರ್? ಹೇಳಿದಾಂವಗ, ಎಲ್ಲಾರ ಮುಂದ ನೂರ ಸಲ ಹೇಳು ಅಂದಿದ್ರ?"

ಅವನು ತಮಾಷೆಗೆ ಹೇಳಲಿಲ್ಲ. ಹನ್ನೆರಡು ಹುಡುಗರು ದಿನಾ ಎರಡು ಗಂಟೆ ನನ್ನ ಕಣ್ಣೆದುರು ಆಡುತ್ತಿದ್ದರು. ಅವರ ನಡುವೆ ಇಷ್ಟು ದೊಡ್ಡದೊಂದು ಕಲ್ಲು ಬಿದ್ದಿತ್ತು. ಎಲ್ಲರೂ ಅದನ್ನು ಸುತ್ತಿ ಬಳಸಿ ಓಡುತ್ತಿದ್ದರು. ನಾನೊಬ್ಬ ಅದರ ಮೇಲೆ ನಿಂತು ಸೀಟಿ ಊದುತ್ತಿದ್ದೆ.

ಭಾನುವಾರ ಮಧ್ಯಾಹ್ನ ಮರೆಪ್ಪನಿದ್ದ ಹಾಸ್ಟೆಲಿಗೆ ಹೋದೆ. ಮರೆಪ್ಪ ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ. ನನ್ನನ್ನು ನೋಡಿ ಒದ್ದೆ ಕೈಯಲ್ಲೇ ಎದ್ದು ನಿಂತ. ತಪ್ಪಾಯಿತು ಎಂದೆ. ಅದು ಅವನನ್ನು ಇನ್ನಷ್ಟು ಗಾಬರಿಗೊಳಿಸಿತು.

"ನೀವ್ಯಾಕ ಹಂಗ ಅಂತೀರಿ ಸರ್. ಉಳದವರ ಬೆನ್ನು ಮುಟ್ತೇನ್ರಿ ನಾ. ಅವ್ರು ಬ್ಯಾರೆ ಊರವ್ರು, ಅವರೂರಾಗ ನಮ್ಮಪ್ಪ ಇಲ್ಲ. ಸಂತಿಗೆ ಬಂದ ನಮ್ಮೂರ ಮಂದಿ ಕಟ್ಟಿ ಮ್ಯಾಲ ಕುಂತು ಆಟ ನೋಡ್ತಾರ. ಮರ್ಯಾ ಸಣ್ಣ ಗೌಡರ ಬೆನ್ನಿಗೆ ಬಡದ ಅಂತ ಊರಾಗ ಯಾರರ ಅಂದ್ರ, ಮರುದಿನ ನಮ್ಮಪ್ಪ ಯಾರ ಬಾಗಲಿಗೆ ಹೋಗಬೇಕ್ರಿ?"

ಒಗೆದ ಅಂಗಿಯನ್ನು ಹಿಂಡಿ ಕಲ್ಲಿನ ಮೇಲೆ ಹರವಿದ. ಅವನೇ ಮುಂದುವರಿಸಿದ. "ನಾ ಊರಿಗೆ ಹೊಂಟೇನ್ರಿ. ಅರಿವಿ ಒಣಗಿದ ಕೂಡ್ಲೆ. ಕಾಲೇಜ ಬ್ಯಾಡ ಅನಸೇತಿ."

ಅವನ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗ ಅವನು. ನನ್ನೊಂದು ಸಂಜೆಯ ಸಿಟ್ಟಿಗೆ ಆ ಮೆಟ್ಟಿಲಿಳಿದು ಹೋಗುವವನಿದ್ದ. ನಾನು ಅವನ ಒದ್ದೆ ಬಟ್ಟೆಗಳ ಪಕ್ಕದಲ್ಲಿ ಕೂತು ಎರಡು ಗಂಟೆ ಗೋಗರೆದೆ. ಪ್ರಿನ್ಸಿಪಾಲರಿಗೆ ಏನೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಕೊನೆಗೆ, ನನಗೆ ಬಹಳ ಜಾಣತನವೆನಿಸಿದ ಒಂದು ಉಪಾಯ ಹೇಳಿದೆ: ಸಿದ್ರಾಮನಿಗೆ ನೀನು ಖೋ ಕೊಡಲೇಬೇಡ, ಅವನನ್ನು ಬಿಟ್ಟು ಅದೇ ಕಡೆ ಮುಖ ಮಾಡಿದ ಮುಂದಿನವನಿಗೆ ಕೊಡು. ಮರೆಪ್ಪನ ಮುಖ ಸ್ವಲ್ಪ ತಿಳಿಯಾಯಿತು. ಬಟ್ಟೆ ಒಣಗಿದವು, ಅವನು ಊರಿಗೆ ಹೋಗಲಿಲ್ಲ. ನಾನು ಗೆದ್ದವನ ಹಾಗೆ ಮನೆಗೆ ಬಂದೆ.

ಇದು ನನ್ನ ಎರಡನೇ ತಪ್ಪು, ಮೊದಲನೆಯದಕ್ಕಿಂತ ನಯವಾದದ್ದು. ಮೊದಲು ಆ ಕಲ್ಲು ನನಗೆ ಕಂಡಿರಲಿಲ್ಲ. ಈಗ ಕಂಡ ಮೇಲೆ ಅದಕ್ಕೆ ಸುಣ್ಣ ಬಳಿದು ಇಟ್ಟುಬಿಟ್ಟೆ. ಸಿದ್ರಾಮನಿಗೆ ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮರು ತಿಂಗಳು ಸುರಪುರದಲ್ಲಿ ಅಲ್ಲಿನ ಕ್ಲಬ್ಬಿನ ಮೇಲೆ ಆಟವಿತ್ತು. ಅವರಲ್ಲೊಬ್ಬ ಉದ್ದ ಕಾಲಿನ, ನಗುಮುಖದ ಓಟಗಾರ. ಮರೆಪ್ಪ ಅವನನ್ನು ಅಟ್ಟಿದ. ಎರಡು ಸುತ್ತಿನಲ್ಲೇ ಆ ಹುಡುಗನಿಗೆ ನಮ್ಮ ಗುಟ್ಟು ತಿಳಿದುಹೋಯಿತು. ಮರೆಪ್ಪ ಹತ್ತಿರ ಬಂದಾಗಲೆಲ್ಲ ಅವನು ಸಾಲು ನುಸುಳಿ ಮೂರನೇ ಚೌಕದ ಎದುರಿಗೆ, ಸಿದ್ರಾಮನ ಮುಖದ ಮುಂದೆ ಹೋಗಿ ನಿಲ್ಲತೊಡಗಿದ. ಅಲ್ಲಿ ಖೋ ಬರುವುದಿಲ್ಲ. ಮರೆಪ್ಪ ಎರಡು ಚೌಕ ಮುಂದೆ ಓಡಿ ಇನ್ನೊಬ್ಬನನ್ನು ಎಬ್ಬಿಸುವಷ್ಟರಲ್ಲಿ ಈತ ಮತ್ತೆ ಈಚೆಗೆ. ನೋಡುವ ಜನಕ್ಕೂ ಗೊತ್ತಾಗಿ ಕೇಕೆ ಹಾಕಿದರು. ಒಮ್ಮೆ ಅವನು ಸೊಂಟಕ್ಕೆ ಕೈ ಇಟ್ಟುಕೊಂಡು, ಸಿದ್ರಾಮನ ಎದುರು ಒಂದು ಮಾರು ದೂರದಲ್ಲಿ ನಿಂತು ಉಸಿರು ಸುಧಾರಿಸಿಕೊಂಡ. ಸಿದ್ರಾಮ ಅವನ ಕಾಲನ್ನೇ ನೋಡುತ್ತಾ ಕೂತಿದ್ದ. ಹೀನಾಯವಾಗಿ ಸೋತೆವು.

ಮರಳಿ ಬರುವಾಗ ಶಹಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಹುಡುಗರು ಚಹಾ ಕುಡಿಯಲು ಹೋದರು. ಸಿದ್ರಾಮ ಮಾತ್ರ ನನ್ನ ಪಕ್ಕದಲ್ಲಿ ಬಂದು ಕೂತ.

"ಸರ್, ಅಂವ ನನ್ನ ಮುಂದ ನಿಂತು ನಕ್ಕ. ಕೈ ಚಾಚಿದ್ರ ಸಿಗ್ತಿದ್ದ. ಎದ್ರ ಫೌಲು, ಕುಂತ್ರ ನಾಚಿಕಿ."

"ನನ್ನ ತಪ್ಪು ಸಿದ್ರಾಮ. ಆ ಉಪಾಯ ನಾನೇ ಹೇಳಿದ್ದು."

"ನಿಮ್ಮದು ಈಗಿಂದು ಬಿಡ್ರಿ." ಅವನು ಹೇಳಿದ: "ಸಣ್ಣವ್ರಿದ್ದಾಗ ನಾವಿಬ್ರೂ ಕೂಡಿ ಹಳ್ಳದಾಗ ಈಸ್ತಿದ್ವಿ. ಒಂದಿನ ನಮ್ಮ ಮುದಕಿ ಆಯಿ ನೋಡಿ ಅವಗ 'ದೂರ ನಿಲ್ಲೋ' ಅಂದ್ಲು. ಅಂದು ದೂರ ನಿಂತಾಂವ ಇನ್ನೂ ಅಲ್ಲೇ ನಿಂತಾನ್ರಿ ಸರ್. ನಾ ತಿರುಗಿ ಕರೀಲೇ ಇಲ್ಲ."

ನಾನು ಆ ಹುಡುಗನ ಹೆಗಲ ಮೇಲೆ ಕೈ ಹಾಕಿದೆ. ಅವನೇ ಕೇಳಿದ: "ನಾಳಿ ಸೂಟಿ ಐತಿ. ಮರೆಪ್ಪನ್ನ ಗ್ರೌಂಡಿಗೆ ಬಾ ಅಂತ ನೀವು ಹೇಳ್ತೀರೇನ್ರಿ? ನಾ ಕರದ್ರ ಹುಕುಂ ಆಕ್ಕೈತಿ. ಮತ್ತ ಯಾರೂ ಬ್ಯಾಡ್ರಿ. ನೀವೂ ಬ್ಯಾಡ."

ನಾನು ಮರೆಪ್ಪನಿಗೆ ಹೇಳಿದೆ, ಆದರೆ ಮನಸ್ಸು ತಡೆಯದೆ ಹೋಗಿ ದೂರದ ಬೇವಿನಮರದ ಕೆಳಗೆ ಕೂತೆ. ಸಿದ್ರಾಮ ಖಾಲಿ ಮೈದಾನದಲ್ಲಿ ಮೂರನೇ ಚೌಕದಲ್ಲಿ ಕೂತಿದ್ದ. ಮರೆಪ್ಪ ಅವನ ಹಿಂದೆ ನಿಂತಿದ್ದ. ಇಬ್ಬರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮರೆಪ್ಪನೇ ನನಗೆ ಅದನ್ನು ಹೇಳಿದ.

"ಸಣ್ಣ ಗೌಡ್ರ, ಏಳ್ರಿ, ಬಿಸಲೈತಿ" ಎಂದನಂತೆ ಇವನು.

"ಖೋ ಇಲ್ದ ಏಳಾಕ ಬರಂಗಿಲ್ಲ."

"ದೊಡ್ಡ ಗೌಡ್ರಿಗೆ ಯಾರರ ಹೇಳಿದ್ರ?"

"ಯಾರರ ಯಾಕ ಹೇಳಬೇಕು? ನಾನ ಹೇಳ್ತೇನಿ. ಸಂತ್ಯಾನ ಮಂದಿ ಹೇಳೂಕಿಂತ ಮದ್ಲ ಹೋಗಿ ನಾನ ಹೇಳ್ತೇನಿ."

"ನಮ್ಮಪ್ಪಂದು?"

"ನಿಮ್ಮಪ್ಪನ ಕೆಲಸಕ್ಕ ಏನರ ಆದ್ರ ನಾ ಆ ಮನ್ಯಾಗ ಉಣ್ಣಂಗಿಲ್ಲ."

ಮುಖ ನೋಡಿದ್ದರೆ ಈ ಮಾತು ಇಬ್ಬರಿಂದಲೂ ಬರುತ್ತಿರಲಿಲ್ಲ ಎಂದು ಮರೆಪ್ಪ ಹೇಳಿದ. ಅವನ ನೆರಳು ಸಿದ್ರಾಮನ ಮೈಮೇಲೆ ಬಿದ್ದಿತ್ತಂತೆ, ಅದನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದನಂತೆ. ನನಗೆ ದೂರದಿಂದ ಕಂಡದ್ದು ಇಷ್ಟು: ಮರೆಪ್ಪ ಬಗ್ಗಿ ಎರಡು ಬೆರಳು ಮುಂದೆ ಚಾಚಿದ. ಮುಟ್ಟಿ, ಸರಕ್ಕನೆ ಹಿಂದಕ್ಕೆ ತೆಗೆದ.

ಸಿದ್ರಾಮ ಏಳಲಿಲ್ಲ. "ಇದು ಖೋ ಅಲ್ಲಲೇ, ನೊಣ ಕುಂತಂಗಾತು" ಎಂದನಂತೆ. ಆಗ ಇಬ್ಬರೂ ನಕ್ಕದ್ದು ಮರದವರೆಗೂ ಕೇಳಿಸಿತು. ನಾನು ಮುಖ ಒರೆಸಿಕೊಂಡು ಅವರಿಗೆ ಕಾಣದ ಹಾಗೆ ಮನೆಗೆ ಬಂದೆ. ಆ ದಿನ ನನ್ನ ಸೀಟಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟೆ. ನೂರು ಸಲದ ಪದ್ಧತಿಯೂ ಅಂದೇ ಮುಗಿಯಿತು. ಆಮೇಲೆ ಯಾರ ತಪ್ಪನ್ನೂ ಎಲ್ಲರೆದುರು ತಿದ್ದಲಿಲ್ಲ. ಯಾವುದಾದರೂ ತಪ್ಪು ಮೂರು ಸಲ ಒಂದೇ ಕಡೆ ಕಂಡರೆ, ತಿದ್ದುವ ಮುಂಚೆ ಹುಡುಗನನ್ನು ಪಕ್ಕಕ್ಕೆ ಕರೆದು 'ಏನಾಗಿದೆ?' ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ಎಂಥೆಂಥ ಉತ್ತರ ಬಂದವು! ಒಬ್ಬನ ಅವ್ವ ಹಾಸಿಗೆ ಹಿಡಿದಿದ್ದಳು. ಇನ್ನೊಬ್ಬನಿಗೆ ಎಡಗಣ್ಣು ಕಾಣುತ್ತಿರಲಿಲ್ಲ, ಹೇಳಿದರೆ ತಂಡದಿಂದ ತೆಗೆಯುತ್ತಾರೆಂದು ಎರಡು ವರ್ಷ ಮುಚ್ಚಿಟ್ಟಿದ್ದ. ಪ್ರಿನ್ಸಿಪಾಲರು, "ಮಾಸ್ಟರ್ ಸಾಬ್, ಹುಡುಗರು ನಿಮಗ ಹೆದರೂದ ಬಿಟ್ಟಾರ" ಎಂದು ಬೇಸರಪಟ್ಟರು. ಹೌದು ಸಾರ್ ಎಂದೆ.

ಸುರಪುರದ ಕ್ಲಬ್ಬಿನವರು ನಮ್ಮಲ್ಲಿಗೆ ಬರುವ ದಿನ ಸಂತೆಯೂ ಇತ್ತು. ಅದಕ್ಕೆ ಹಿಂದಿನ ವಾರ ಸಿದ್ರಾಮ ಊರಿಗೆ ಹೋಗಿ ಬಂದಿದ್ದ. ಅಪ್ಪ ಏನೆಂದರು ಎಂದು ಕೇಳಿದೆ.

"ಏನೂ ಅನ್ಲಿಲ್ರಿ. ಗಂಗಾಳದಾಗ ಕೈ ತೊಳದು ಎದ್ದ ಹ್ವಾದ್ರು. ಮುಂಜಾನಿ 'ಎಂದೈತಿ ಆಟ' ಅಂದ್ರು. ಅಷ್ಟ."

ಆ 'ಅಷ್ಟ' ನಮ್ಮನ್ನು ಒಂದು ವಾರ ಸರಿಯಾಗಿ ಉಸಿರಾಡಲು ಬಿಡಲಿಲ್ಲ. ಗೌಡರು ನೋಡಲು ಬರುತ್ತಾರೋ, ಮಗನನ್ನು ಎಳೆದುಕೊಂಡು ಹೋಗಲು ಬರುತ್ತಾರೋ ಗೊತ್ತಿರಲಿಲ್ಲ. ಆಟದ ದಿನ ಮಧ್ಯಾಹ್ನ ಅವರ ಬಂಡಿ ಕಟ್ಟೆಯ ಪಕ್ಕದಲ್ಲಿ ಬಂದು ನಿಂತಿತು. ದೊಡ್ಡ ರುಮಾಲಿನ ಗೌಡರು ಇಳಿದು ಕಟ್ಟೆಯ ನಡುವೆ ಕೂತರು. ಬಂಡಿ ಹೊಡೆದುಕೊಂಡು ಬಂದವನು ಎತ್ತುಗಳ ಕೊರಳು ಹಿಡಿದು ದೂರ ನಿಂತ. ಅವನೇ ಮರೆಪ್ಪನ ಅಪ್ಪನೆಂದು ಯಾರೂ ನನಗೆ ಹೇಳಬೇಕಾಗಲಿಲ್ಲ, ಅದೇ ಕಡ್ಡಿಯಂಥ ಮೈ. ಮರೆಪ್ಪ ಇಬ್ಬರನ್ನೂ ನೋಡಿದ.

"ಬೇಡವೆನಿಸಿದರೆ ಬೇಡ. ನೀನು ಆಡದಿದ್ದರೂ ನಮ್ಮವನೇ" ಎಂದೆ.

ಅವನು ಬಗ್ಗಿ ಅಂಗೈಗೆ ಮಣ್ಣು ಒರೆಸಿಕೊಂಡ.

ಆಟ ಶುರುವಾಯಿತು. ಉದ್ದ ಕಾಲಿನ ಹುಡುಗ ಹಳೆಯ ಗುಟ್ಟು ಮರೆತಿರಲಿಲ್ಲ. ಮರೆಪ್ಪ ಅಟ್ಟಿಕೊಂಡು ಬಂದೊಡನೆ ಸಾಲು ನುಸುಳಿ, ಮೂರನೇ ಚೌಕದ ಎದುರಿಗೆ ಹೋಗಿ, ಸಿದ್ರಾಮನ ಮುಖ ನೋಡಿ ನಕ್ಕ. ಮರೆಪ್ಪ ಸಿದ್ರಾಮನ ಹಿಂದೆ ಬಂದ. ಒಂದು ಕ್ಷಣ, ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ, ಅವನ ಕೈ ಗಾಳಿಯಲ್ಲಿ ನಿಂತಿತು. ನನ್ನ ಪಕ್ಕದಲ್ಲಿದ್ದ ಖಾಜಾ ಕಣ್ಣು ಮುಚ್ಚಿಕೊಂಡ.

"ಖೋ!"

ಬೆನ್ನಿನ ಮೇಲೆ ಅಂಗೈ ಬಿದ್ದ ಸದ್ದು ಕಟ್ಟೆಯವರೆಗೂ ಕೇಳಿಸಿತು. ಸಿದ್ರಾಮ ಎದ್ದ. ಎದುರಿನ ಹುಡುಗನ ಮುಖದ ಮೇಲೆ ನಗು ಇನ್ನೂ ಹಾಗೇ ಇರುವಾಗಲೇ ಅವನ ಭುಜ ಮುಟ್ಟಿದ.

ಆ ಆಟವನ್ನು ನಾವು ಒಂದು ಅಂಕದಿಂದ ಸೋತೆವು. ಮರೆಪ್ಪ ಕಾಲೇಜು ಮುಗಿಸಿದ, ಮುಂದೆ ಸುರಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾದ, ಈಗ ಅವನೂ ನಿವೃತ್ತ. ಅವನ ಅಪ್ಪ ಗೌಡರ ಮನೆಯಲ್ಲೇ ಉಳಿದ. ಗೌಡರು ಆ ವಿಷಯವನ್ನು ಬದುಕಿರುವವರೆಗೆ ಒಮ್ಮೆಯೂ ಎತ್ತಲಿಲ್ಲವಂತೆ, ಒಳ್ಳೆಯದೆಂದೂ ಇಲ್ಲ, ಕೆಟ್ಟದ್ದೆಂದೂ ಇಲ್ಲ. ಅವರ ಊರು ಬದಲಾಯಿತೆಂದು ನಾನು ಬರೆದರೆ ಸುಳ್ಳಾಗುತ್ತದೆ. ಮರೆಪ್ಪನ ಅಪ್ಪ ಕೊನೆಯವರೆಗೂ ಗೌಡರ ಮನೆಯ ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದ.

ಆದರೆ ಆ ಸಂಜೆ ಆಟ ಮುಗಿದ ಮೇಲೆ ನಾನು ಕಂಡದ್ದೊಂದಿದೆ. ಪ್ರಶ್ನಾವಳಿಯ ಹುಡುಗಿಗೆ ಹೇಳಬೇಕಾದದ್ದು ಅದನ್ನೇ.

ಸಿದ್ರಾಮ ಬೆವರಿದ ಬನಿಯನ್ನಿನಲ್ಲೇ ಅಪ್ಪನ ಬಂಡಿಯ ಹತ್ತಿರ ಹೋಗಿ ನಿಂತ. ಅವನ ಬಿಳಿ ಬನಿಯನ್ನಿನ ಬೆನ್ನಿನ ಮೇಲೆ ಕೆಂಪು ಮಣ್ಣಿನ ಐದು ಬೆರಳು ಅಚ್ಚೊತ್ತಿದ ಹಾಗೆ ಮೂಡಿದ್ದವು, ಒಂದರ ಮೇಲೊಂದು, ಮೂರು ನಾಲ್ಕು ಸಲದ್ದು. ಬಂಡಿ ಹತ್ತಿ ಕೂತಿದ್ದ ಗೌಡರಿಗೆ ಅದು ಆಗಲೇ ಕಂಡಿತ್ತು.

"ಬೆನ್ನ ಝಾಡಿಸ್ಕೋ" ಎಂದರು.

"ನನ್ನ ಕೈ ನಿಲುಕಂಗಿಲ್ಲಪ್ಪ" ಎಂದ ಸಿದ್ರಾಮ, ಅವರ ಮುಖವನ್ನೇ ನೋಡುತ್ತಾ.

ಮರೆಪ್ಪನ ಅಪ್ಪ, ಮಾತು ಯಾರಿಗೆ ಹೇಳಿದರೂ ಕೆಲಸ ತನ್ನದೆಂದೇ ಬದುಕಿದವನು, ಎತ್ತು ಬಿಟ್ಟು ಹಿಂದಿನಿಂದ ಬಂದ. ಧೂಳು ಹೊಡೆಯಲೆಂದು ಕೈ ಚಾಚಿದ. ಆ ಕೈ ಬೆನ್ನಿಗೆ ಒಂದು ಗೇಣು ದೂರದಲ್ಲಿ, ತನ್ನ ಮಗನ ಕೈ ಎರಡು ತಿಂಗಳು ನಿಂತ ಜಾಗದಲ್ಲೇ ನಿಂತುಬಿಟ್ಟಿತು. ಮರೆಪ್ಪ ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

ಸಿದ್ರಾಮ ತಿರುಗಿ ನೋಡಲಿಲ್ಲ. ಮೂರನೇ ಚೌಕದಲ್ಲಿ ಕೂತು ಕೂತು ಅವನಿಗೆ ಹಿಂದೆ ಯಾರ ಕೈ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತಾಗುತ್ತಿತ್ತು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.

ಆ ಕೈ ಧೂಳು ಹೊಡೆಯಲಿಲ್ಲ. ಮಗನ ಬೆರಳುಗಳ ಗುರುತಿನ ಮೇಲೆ ಹಾಗೇ ಇತ್ತು, ಗೌಡರು "ಬಂಡಿ ಹೊಡಿ, ಹೊತ್ತಾತು" ಎನ್ನುವವರೆಗೆ.